ಸತ್ತವನು ಕೊಟ್ಟ ಒಂಬತ್ತು

ಕಂತು ಆರು

ನನ್ನ ಎಡಗಿವಿಯ ಹಿಂದೆ ಒಬ್ಬ ಹೆಂಗಸು ಉಸಿರು ಬಿಟ್ಟಳು.

ಕಿರುಚಿಬಿಟ್ಟೆ. ಇಪ್ಪತ್ತೆಂಟು ವರ್ಷ ಪೊಲೀಸ್ ಇಲಾಖೆಯಲ್ಲಿ ದುಡಿದು ನಿವೃತ್ತಳಾದ, ಹೆಣದ ಪಕ್ಕದಲ್ಲೇ ಕೂತು ಬುತ್ತಿ ಬಿಚ್ಚಿದ ಈ ಮರಿಯಮ್ಮ, ಮಟಮಟ ಮಧ್ಯಾಹ್ನ ಮೂರು ಗಂಟೆಗೆ, ಮಹದೇವಪುರದ ಒಂದು ಮಹಡಿ ಕೋಣೆಯಲ್ಲಿ ಕಿರುಚಿದೆ. ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಒಗೆದು ಹಿಂದೆ ತಿರುಗಿದೆ. ಅಲ್ಲಿದ್ದದ್ದು ಬೋಳು ಗೋಡೆ.

"ಅದೇ ಮೇಡಂ, ಅದೇ!" ಮುನಿಕೃಷ್ಣ ಕುರ್ಚಿಯಿಂದ ಎದ್ದೇಬಿಟ್ಟ. "ಒಂಬತ್ತು ಯಾಕೆ ಅಂತ ಕೇಳಿದ್ರಲ್ಲ? ಅದಕ್ಕೇ ಒಂಬತ್ತು!"

"ಥೂ ನಿನ್ನ! ನನ್ನ ಹಾರ್ಟ್ ನಿಂತೋಗಿದ್ರೆ ಮಣ್ಣು ಹಾಕೋಕೆ ನೀನು ಬರ್ತಿದ್ದೇನೋ?"

ಈ ಮುನಿಕೃಷ್ಣ 'ಅಳಗುಳಿ'ಯ ಸಂಪಾದಕ. ಅಳಗುಳಿ ಒಂದು ಕನ್ನಡ ವೆಬ್ ಪತ್ರಿಕೆ. ಹೊಸ ವಿಡಿಯೋ ಗೇಮು ಮಾರುಕಟ್ಟೆಗೆ ಬರುವ ಮೊದಲೇ ಇವರು ತರಿಸಿ, ಆಡಿ, ವಿಮರ್ಶೆ ಬರೆದು ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತಾರೆ. ಜನ ಆ ಅಂಕ ನೋಡಿ ಆಟ ಕೊಳ್ಳುತ್ತಾರಂತೆ. ನಮ್ಮ ಕಾಲದಲ್ಲಿ ಅಂಕ ಕೊಡುತ್ತಿದ್ದವರು ಮೇಷ್ಟ್ರು, ಅದೂ ಆಟ ಬಿಟ್ಟು ಓದಿದವರಿಗೆ. ಇರಲಿ, ಕಾಲ ಕೆಟ್ಟಿದೆ ಎನ್ನುವಷ್ಟು ವಯಸ್ಸು ನನಗೆ ಇನ್ನೂ ಆಗಿಲ್ಲ.

ಹತ್ತು ದಿನಗಳ ಹಿಂದೆ ಇದೇ ಕಟ್ಟಡದ ಹಿಂದಿನ ಪಾಳುಬಾವಿಯಲ್ಲಿ ಅಳಗುಳಿಯ ವಿಮರ್ಶಕ ಈಶಪ್ಪನ ಹೆಣ ಸಿಕ್ಕಿತ್ತು. ತಾನೇ ಹಾರಿಕೊಂಡ ಎಂದು ಬರೆದು ನಾಳೆ ಫೈಲು ಮುಚ್ಚಲು ಪೊಲೀಸರು ತಯಾರಾಗಿದ್ದರು.

ಅವನ ಅಕ್ಕ ಶಿವಗಂಗಾ ನನ್ನ ಪಕ್ಕದ ಕುರ್ಚಿಯಲ್ಲಿ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಕೂತಿದ್ದಳು. ಬಾಗಲಕೋಟೆ ಕಡೆಯವಳು, ಪೀಣ್ಯದ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸ. ನಾನು ಕಿರುಚಿದ್ದು ಅವಳಿಗೆ ಕೇಳಿಸಿದಂತೆಯೇ ಇರಲಿಲ್ಲ. ಅವಳ ಕಣ್ಣು ಪರದೆಯ ಬಲ ಮೂಲೆಯ ಮೇಲೆ ನೆಟ್ಟಿತ್ತು.

ಅಲ್ಲಿ, ಕತ್ತಲ ಬಾವಿಯ ಚಿತ್ರದ ಮೇಲೆ, ಬೂದುಬಣ್ಣದಲ್ಲಿ ಒಂದು ಹೆಸರು ನಿಧಾನವಾಗಿ ಮೂಡಿತು. ಈಶಪ್ಪ ಹಳ್ಳೂರ. ಐದಾರು ಎಣಿಸುವಷ್ಟು ಹೊತ್ತು ಇದ್ದು ಕರಗಿಹೋಯಿತು.

"ಮತ್ತ ಬಂತು," ಎಂದಳು ಶಿವಗಂಗಾ. "ಹತ್ತು ನಿಮಿಷಕ್ಕೊಮ್ಮೆ ಬರ್ತೈತಿ. ಯಾರು ಬರಸ್ತಾರ ಅದನ್ನ?"

"ಯಾರೂ ಇಲ್ಲ ಅಕ್ಕ. ಕಂಪನಿಯವ್ರು ಹಾಕಿರ್ತಾರೆ," ಎಂದ ಮುನಿಕೃಷ್ಣ. "ಬಿಡುಗಡೆಗೆ ಮೊದ್ಲು ನಮಗೆ ಕೊಡೋ ಡಿಸ್ಕಲ್ಲಿ ಆಯಾ ವಿಮರ್ಶಕನ ಹೆಸರು ಇರುತ್ತೆ. ಯಾರಾದ್ರೂ ಕಳ್ಳಪ್ರತಿ ಮಾಡಿದ್ರೆ ಅದು ಯಾರ ಡಿಸ್ಕು ಅಂತ ಗೊತ್ತಾಗ್ಲಿ ಅಂತ."

ಹಾಗೆ ಗೊತ್ತಾಗಿಯೂ ಇತ್ತು. 'ಸೆವೆಂತ್ ವೆಲ್', ಅಂದರೆ ಏಳನೇ ಬಾವಿ, ಎಂಬ ಈ ಆಟ ವೈಟ್‌ಫೀಲ್ಡಿನ ಒಂದು ಕಂಪನಿ ಮೂರು ವರ್ಷ ಕೂತು ಮಾಡಿದ್ದು. ಬಿಡುಗಡೆಗೆ ವಾರ ಇರುವಾಗಲೇ ಅದರ ಕಳ್ಳಪ್ರತಿಗಳು ಪೀಣ್ಯದಿಂದ ಚಂದಾಪುರದ ತನಕ ಗಲ್ಲಿ ಅಂಗಡಿಗಳಲ್ಲಿ ಸಿಕ್ಕವು. ಪ್ರತಿಯೊಂದರ ಮೇಲೂ ಈಶಪ್ಪನ ಹೆಸರು. ಅವನು ಸತ್ತ ಮೇಲೂ ಎಲ್ಲೆಲ್ಲೋ, ಯಾರ್ಯಾರದೋ ಮನೆಯ ಟಿವಿಯ ಮೂಲೆಯಲ್ಲಿ, ಹತ್ತು ನಿಮಿಷಕ್ಕೊಮ್ಮೆ ಅವನ ಹೆಸರು ಬಂದು ಹೋಗುತ್ತಿದೆ.

ಕಳ್ಳ ಎಂಬ ಆ ಹೆಸರು ಅಕ್ಕನ ಕಿವಿಗೂ ಮುಟ್ಟಿತ್ತು. ಅವನು ಸತ್ತ ಗುರುವಾರ, ಊಟದ ಬಿಡುವಿನಲ್ಲಿ, ಫ್ಯಾಕ್ಟರಿ ಗೇಟಿನ ಹೊರಗೆ ನಿಂತು ಶಿವಗಂಗಾ ಅವನಿಗೆ ಫೋನ್ ಮಾಡಿದ್ದಳು. ಅಂದದ್ದು ಇಷ್ಟೇ: "ಕಳ್ಳ ಅನ್ನಿಸ್ಕೊಂಡು ನನ್ನ ಹೊಸ್ತಿಲಾ ತುಳೀಬ್ಯಾಡ. ಎಲ್ಲ್ಯರ ಹಾಳುಬಾವಿಗೆ ಬಿದ್ದು ಸಾಯಿ." ಅವನ ಉತ್ತರಕ್ಕೂ ಕಾಯದೆ ಫೋನ್ ಇಟ್ಟಿದ್ದಳು.

ಸಿಟ್ಟು ಬಂದಾಗ ಯಾರ ಬಾಯಲ್ಲಿ ಬರುವುದಿಲ್ಲ ಈ ಮಾತು? ನಮ್ಮಮ್ಮ ನನ್ನನ್ನು ದಿನಕ್ಕೆರಡು ಸಲ ಹಾಳುಬಾವಿಗೆ ಕಳಿಸುತ್ತಿದ್ದಳು. ಆದರೆ ಇವಳ ತಮ್ಮ ನಿಜಕ್ಕೂ ಹಾಳುಬಾವಿಯಲ್ಲೇ ಸಿಕ್ಕಿದ.

ನನ್ನ ಮನೆ ಬಾಗಿಲಿಗೆ ಬಂದ ದಿನ ಶಿವಗಂಗಾ ಕೇಳಿದ್ದು ಒಂದೇ. "ಕೊಂದವರನ್ನ ಹಿಡೀರಿ ಅನ್ನಂಗಿಲ್ಲರಿ ನಾ. ನನ್ನ ಮಾತಿಗೆ ಸತ್ತನೋ ಇಲ್ಲೋ, ಅಷ್ಟ ಹೇಳ್ರಿ. ನನ್ನ ಮಾತಿಗೇ ಸತ್ತಿದ್ರ ಹಂಗಂತನ ಹೇಳ್ರಿ. ಗೊತ್ತಿಲ್ಲದ ತುತ್ತು ಇಳೀವಲ್ದು." ಹತ್ತು ದಿನಕ್ಕೆ ಕೊರಳಿನ ಎಲುಬು ಕಾಣುವ ಹಾಗಾಗಿದ್ದಳು. ಇವತ್ತು ಅವಳನ್ನು ಇಲ್ಲಿಗೆ ತಂದು ಬಿಟ್ಟವನು ಗಂಡ ಭೀಮಪ್ಪ, ಟೆಂಪೋ ಓಡಿಸುವವನು. ಒಳಗೆ ಜಾಗ ಇಕ್ಕಟ್ಟು. "ನೀನು ಕೆಳಗೆ ಟೀ ಕುಡೀತಿರಪ್ಪಾ" ಎಂದು ನಾನೇ ಕಳಿಸಿದ್ದೆ.

"ಸರಿ," ಎಂದು ಚೀಲದಿಂದ ಕಾಗದ ತೆಗೆದೆ. "ಆಟ ಆಯ್ತು. ಈಗ ಇದನ್ನ ನೋಡೋಣ."

ಅದು ಆ ಆಟಕ್ಕೆ ಈಶಪ್ಪ ಬರೆದ ವಿಮರ್ಶೆಯ ಪ್ರತಿ. ಶುಕ್ರವಾರ ಸಂಜೆ ಆರಕ್ಕೆ ಪ್ರಕಟವಾದದ್ದು. ಡಾಕ್ಟರು ಹೇಳುವಂತೆ ಅವನು ಸತ್ತದ್ದು ಗುರುವಾರ ಮಧ್ಯಾಹ್ನ. ಮೊದಲೇ ಬರೆದು, ಮರುದಿನ ತಾನಾಗಿ ಹೊರಬರುವ ಹಾಗೆ ಕಂಪ್ಯೂಟರಿನಲ್ಲಿ ಹೊಂದಿಸಿಟ್ಟು ಹೋಗಿ ಹಾರಿಕೊಂಡಿದ್ದಾನೆ ಎಂಬುದು ಇನ್ಸ್‌ಪೆಕ್ಟರ್ ಚಿಕ್ಕಬೈರಪ್ಪನ ತೀರ್ಮಾನ. ಕೊನೆಯ ಸಾಲಿನ ಕೆಳಗೆ ಕೆಂಪು ಗೆರೆ ಎಳೆದವನೂ ಅವನೇ.

"ಇದನ್ನ ಓದಿದ್ಯಾ ನೀನು?" ಎಂದು ಶಿವಗಂಗಾಳನ್ನು ಕೇಳಿದೆ.

"ಇಲ್ಲರಿ. ಇಷ್ಟು ದಿನ ಧೈರ್ಯ ಬರಲಿಲ್ಲ. ನೀವ ಓದ್ರಿ, ಕೇಳ್ತೀನಿ."

ಕನ್ನಡಕ ಹಾಕಿಕೊಂಡು ಓದಿದೆ. ಪೊಲೀಸ್ ಸ್ಟೇಷನ್ನಿನಲ್ಲಿ ಹೇಳಿಕೆ ಓದಿದ ಅಭ್ಯಾಸ, ನನ್ನ ದನಿಗೆ ಏರಿಳಿತ ಇಲ್ಲ.

"'ಈ ಆಟದಲ್ಲಿ ದೆವ್ವ ಕಾಣುವುದಿಲ್ಲ, ಕೇಳಿಸುತ್ತದೆ. ಅದೂ ಎಡಗಿವಿಯಲ್ಲಿ ಮಾತ್ರ. ಬಾವಿಯಲ್ಲಿ ಮುಳುಗಿ ಸತ್ತ ಹೆಂಗಸು ಹತ್ತಿರ ಬಂದಾಗ ನಿಮ್ಮ ಎಡಗಿವಿಯ ಹಿಂದೆ ಪಿಸುಗುಡುತ್ತಾಳೆ. ತಟ್ಟನೆ ತಿರುಗಿದರೆ ಉಳಿದಿರಿ, ಇಲ್ಲದಿದ್ದರೆ ಇಲ್ಲ. ಮೂರು ದಿನದಿಂದ ಆ ಪಿಸುಮಾತು ನನ್ನ ಎಡಗಿವಿಯನ್ನು ಬಿಟ್ಟಿಲ್ಲ. ಊಟಕ್ಕೆ ಕೂತರೂ ಅಲ್ಲೇ, ಬಸ್ಸು ಹತ್ತಿದರೂ ಅಲ್ಲೇ...'"

"ಯಾವ ಕಿವಿ ಅಂದ್ರಿ?"

ಶಿವಗಂಗಾ ಸೆರಗು ಬಿಟ್ಟಿದ್ದಳು.

"ಎಡಗಿವಿ."

"ಮುಂದ ಓದ್ರಿ."

"'ಓಡಿದ್ದು ಸಾಕು. ಅವಳು ಕರೆಯುತ್ತಿದ್ದಾಳೆ. ನಾನು ಬಾವಿಗೆ ಇಳಿಯುತ್ತಿದ್ದೇನೆ. ಹತ್ತಕ್ಕೆ ಒಂಬತ್ತು.' ಮುಗೀತು."

"ಇದು ಅವ ಬರದದ್ದಲ್ಲ," ಎಂದಳು ಶಿವಗಂಗಾ.

ಮುನಿಕೃಷ್ಣ ನಕ್ಕಂತೆ ಮಾಡಿದ. "ಅಕ್ಕ, ಅವನ ಹೆಸರೇ ಇದೆ..."

"ಹೆಸರು ಏನರ ಇರಲಿ. ಅವಂಗ ಎಡಗಿವಿ ಕೇಳ್ತಿದ್ದಿಲ್ಲ."

ನಾನು ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡೆ.

"ಹತ್ತೊಂಬತ್ತು ವರ್ಷದವ ಇದ್ದಾಗ ಪೀಣ್ಯದಾಗ ತಗಡು ಒತ್ತೂ ಪ್ರೆಸ್ ಶಾಪಿನಾಗ ಇದ್ದ," ಶಿವಗಂಗಾ ನನ್ನ ಕಡೆ ತಿರುಗಿ ಹೇಳಿದಳು. "ಗಾಳಿ ಪೈಪು ಒಡದು ಈ ಕಿವಿ ಹತ್ರನ ಢಂ ಅಂತರಿ. ರಕ್ತ ಬಂತು. ಅವತ್ತಿನಿಂದ ಆ ಕಡೆ ಸಿಡಲು ಬಡದ್ರೂ ಅವಂಗ ಗೊತ್ತಾಗ್ತಿದ್ದಿಲ್ಲ. ಮನ್ಯಾಗ ನಾವು ಬಲಕ್ಕ ಬಂದ ಮಾತಾಡ್ತಿದ್ವಿ. 'ಯಾರ ಮುಂದೂ ಅನಬ್ಯಾಡಕ್ಕ, ಶಬ್ದಕ್ಕೂ ಮಾರ್ಕು ಕೊಡೂ ಕೆಲಸ ನಂದು, ಅರ್ಧ ಕಿವೀಲೆ ಮಾಡ್ತಾನ ಅಂತ ತಿಳದ್ರ ತಗದು ಹಾಕ್ತಾರ' ಅಂತಿದ್ದ."

"ಸುಳ್ಳು!" ಎಂದ ಮುನಿಕೃಷ್ಣ. "ಎರಡು ವರ್ಷ ನನ್ ಪಕ್ಕ ಕೂತಿದ್ದ ಮೇಡಂ. ನನಗೆ ಗೊತ್ತಾಗ್ತಿರ್ಲಿಲ್ವಾ?"

"ಅವನ ಕುರ್ಚಿ ಯಾವ್ದಪ್ಪ?"

ಅವನು ತೋರಿಸಿದ. ಕೋಣೆಯ ಎಡ ಮೂಲೆ. ಅಲ್ಲಿ ಕೂತವನ ಎಡಗಡೆ ಗೋಡೆ. ಮಾತಾಡುವವರು ಎಲ್ಲರೂ ಬಲಗಡೆಯಿಂದಲೇ ಬರಬೇಕು.

"ಆ ಜಾಗ ನೀನು ಕೊಟ್ಟಿದ್ದಾ, ಅವನು ಕೇಳಿ ಇಸ್ಕೊಂಡಿದ್ದಾ?"

ಮುನಿಕೃಷ್ಣ ಆ ಕುರ್ಚಿಯನ್ನೇ ನೋಡಿದ. "ಅವನೇ... ಬಂದ ಮೊದಲ ದಿನವೇ ಹಟ ಹಿಡಿದು ಆ ಮೂಲೆ ಇಸ್ಕೊಂಡಿದ್ದ."

ನಾನು ಕಾಗದವನ್ನು ಮಡಚಿ ಅವನ ಮುಂದೆ ಇಟ್ಟೆ. ಇಂಥ ಹೊತ್ತಿನಲ್ಲಿ ದನಿ ಏರಿಸಬಾರದು. ಅದು ನಾನು ಇಲಾಖೆಯಲ್ಲಿ ಕಲಿತದ್ದು. ಆದರೆ ಸಿಟ್ಟು ಬಂದಾಗ ಇಲಾಖೆಯೂ ಇಲ್ಲ, ಗಿಲಾಖೆಯೂ ಇಲ್ಲ.

"ಬರೆದೋನು ಯಾರೋ?" ಎಂದು ಮೇಜು ಗುದ್ದಿದೆ.

"ಮೇಡಂ..."

"ಹೆಣ ಸಿಕ್ಕಿದ್ದು ಶನಿವಾರ. 'ಬಾವಿಗೆ ಇಳಿಯುತ್ತಿದ್ದೇನೆ' ಅಂತ ಅಚ್ಚಾಗಿದ್ದು ಶುಕ್ರವಾರ. ಈ ಕಟ್ಟಡ ನಿಮ್ಮಪ್ಪಂದು. ಆ ಬಾವೀನೂ ನಿಮ್ಮಪ್ಪಂದು. ಅವನು ಬಾವಿಯೊಳಗಿದ್ದಾನೆ ಅಂತ ಒಂದು ದಿನ ಮೊದಲೇ ಗೊತ್ತಿದ್ದೋನು ಯಾರು? ಹೇಳ್ತೀಯೋ, ಚಿಕ್ಕಬೈರಪ್ಪನ್ನ ಇಲ್ಲಿಗೇ ಕರೆಸ್ಲೋ?"

"ನಾನೇ ಬರೆದೆ!" ಅವನ ದನಿ ಒಡೆಯಿತು. "ಹೌದು ಮೇಡಂ, ನಾನೇ. ಆದ್ರೆ ದೇವ್ರಾಣೆ ಅವನು ಎಲ್ಲಿದ್ದಾನೆ ಅಂತ ನನಗೆ ಗೊತ್ತಿರ್ಲಿಲ್ಲ. ಆಟದ ಹೆಸರೇ ಬಾವಿ! ಆಟ ಮುಗಿಯೋದೇ ಬಾವಿಗೆ ಇಳಿದಾಗ! ಬಾವಿ ಬಿಟ್ಟು ಇನ್ನೇನ್ ಬರೀಲಿ?"

ಶಿವಗಂಗಾ ಅವನನ್ನೇ ನೋಡುತ್ತಿದ್ದಳು.

ಮುನಿಕೃಷ್ಣ ಕಪಾಟಿನಿಂದ ಒಂದು ಸ್ಟೀಲ್ ಡಬ್ಬಿ ತಂದಿಟ್ಟ. ನಮ್ಮ ಮನೆಗಳಲ್ಲಿ ಸಾಸಿವೆ ಹಾಕಿಡುವಂಥದ್ದು.

"ಇಲ್ಲಿ ಒಂದು ಪದ್ಧತಿ ಇದೆ ಮೇಡಂ. ಒಂದು ಆಟಾನ ಇಬ್ಬರು ಬೇರೆ ಬೇರೆ ಆಡ್ತೀವಿ. ಒಬ್ರಿಗೊಬ್ರು ಅದರ ಬಗ್ಗೆ ಮಾತಾಡಂಗಿಲ್ಲ. ಮುಗಿದ ಮೇಲೆ ಅಂಕ ಬರೆದ ಚೀಟಿ ಮಡಚಿ ಇದರಲ್ಲಿ ಹಾಕ್ಬೇಕು. ಎರಡು ಅಂಕಕ್ಕಿಂತ ಜಾಸ್ತಿ ವ್ಯತ್ಯಾಸ ಬಂದ್ರೆ ಇಬ್ಬರೂ ಒಟ್ಟಿಗೆ ಕೂತು ಇನ್ನೊಂದು ಸಲ ಆಡ್ಬೇಕು, ಆಮೇಲೇ ಬರೆಯೋದು. ನಾನು ಒಂಬತ್ತು ಹಾಕಿದ್ದೆ. ಅವನು ಐದು."

"ಐದಾ?"

"ಐದು. ಶುಕ್ರವಾರ ಬೆಳಿಗ್ಗೆ ಒಟ್ಟಿಗೆ ಕೂರ್ಬೇಕಿತ್ತು. ಅವನು ಬರಲೇ ಇಲ್ಲ, ಫೋನ್ ಸ್ವಿಚಾಫ್. ಸಂಜೆ ಆರಕ್ಕೆ ವಿಮರ್ಶೆ ಹೊರಗೆ ಬರ್ಲೇಬೇಕು. ಎಲ್ಲ ಪತ್ರಿಕೇದೂ ಒಂದೇ ಗಳಿಗೆಗೆ ಬರೋದು, ಅದು ಕಂಪನಿ ಜೊತೆ ನಮ್ಮ ಒಪ್ಪಂದ. ಡಿಸ್ಕ್ ವಿಷ್ಯದಲ್ಲಿ ಮಾನ ಹೋಗಿತ್ತು, ಹೆದರಿ ಊರಿಗೆ ಓಡೋಗಿದ್ದಾನೆ ಅಂದ್ಕೊಂಡೆ."

"ಹಂಗಾದ್ರೆ ನಿನ್ನ ಹೆಸರಲ್ಲೇ ಬರೀಬೇಕಿತ್ತು. ಅವನ ಹೆಸರು ಯಾಕೆ?"

ಅವನು ತಲೆ ತಗ್ಗಿಸಿದ.

"ನನ್ನ ಒಂಬತ್ತನ್ನ ಯಾರು ನಂಬ್ತಾರೆ ಮೇಡಂ? ನಾನು ಎಲ್ಲಕ್ಕೂ ಎಂಟು, ಒಂಬತ್ತು ಕೊಡ್ತೀನಿ. ಈಶಪ್ಪ ಎರಡು ವರ್ಷದಲ್ಲಿ ಒಂದಕ್ಕೂ ಒಂಬತ್ತು ಕೊಟ್ಟಿಲ್ಲ. ಅವನು ಒಂಬತ್ತು ಅಂದ್ರೆ ಒಂಬತ್ತೇ. ವೈಟ್‌ಫೀಲ್ಡಲ್ಲಿ ಮೂವತ್ತು ಜನ ಆ ಆಟಕ್ಕೆ ನಿದ್ದೆಗೆಟ್ಟಿದ್ದಾರೆ. ಎಲ್ಲರ ಅಂಕದ ಸರಾಸರಿ ಕೆಳಗಿಳಿದ್ರೆ ಆ ತಂಡಾನೇ ಮುಚ್ತಾರೆ. ಇವನು ಅರೆಮನಸ್ಸಿಂದ ಆಡಿ ಐದು ಕೊಟ್ಟಿದ್ದಾನೆ, ತಪ್ಪು ಅವನದ್ದೇ ಅಂದ್ಕೊಂಡುಬಿಟ್ಟೆ."

ಡಬ್ಬಿಯ ಮುಚ್ಚಳ ತೆಗೆದು ಚೀಟಿ ಬಿಡಿಸಿದೆ. ನೀಲಿ ಶಾಯಿ, ಗುಂಡು ಅಕ್ಷರ. ಶಿವಗಂಗಾ ಕೈ ಚಾಚಿದಳು. ಅವಳಿಗೆ ಕೊಟ್ಟೆ. ಅವಳು ಅಕ್ಷರಕ್ಕೆ ಅಕ್ಷರ ಕೂಡಿಸುತ್ತ ಜೋರಾಗಿ ಓದಿದಳು.

"'ಐದು. ಹೇಳದೆ ಕೇಳದೆ ಸಾಯಿಸುತ್ತದೆ. ಮೂವತ್ತೊಂದು ಸಲ ಸತ್ತೆ. ಒಂದು ಸಲವೂ ಎಚ್ಚರಿಕೆ ಕೊಡಲಿಲ್ಲ. ಇದು ನ್ಯಾಯದ ಆಟವಲ್ಲ.'"

ಮುನಿಕೃಷ್ಣ ಎರಡೂ ಕೈಯಿಂದ ತಲೆ ಹಿಡಿದುಕೊಂಡ.

"ಅಯ್ಯೋ ಗುರು," ಎಂದ. ನನಗಲ್ಲ, ಆ ಮೂಲೆಯ ಕುರ್ಚಿಗೆ. "ಅವಳು ಕರೀತಿದ್ದಿದ್ದು ನಿನಗೆ ಕೇಳಿಸ್ತಾನೇ ಇರ್ಲಿಲ್ಲ. ಒಂದು ಮಾತು ಹೇಳಬಾರ್ದಿತ್ತೇನೋ ಮಗಾ?"

ಅವನಿಗೆ ಎರಡು ಬಿಡಬೇಕು ಎಂದು ಕೈ ತುರಿಸುತ್ತಿದ್ದದ್ದು ನಿಜ. ಆದರೆ ಅವನ ಅಳು ನಾಟಕದ ಅಳುವಲ್ಲ. ನಾಟಕದ ಅಳು ನಾನು ಬೇಕಾದಷ್ಟು ನೋಡಿದ್ದೇನೆ. ಅದರಲ್ಲಿ ಮೂಗು ಸೋರುವುದಿಲ್ಲ.

"ನೋಡು ಶಿವಗಂಗಾ," ಎಂದೆ. "ಪೊಲೀಸ್ರು ಸಾವಿನ ಚೀಟಿ ಅಂತಿದ್ದ ಆ ವಿಮರ್ಶೆ ಅವನು ಬರೆದದ್ದೇ ಅಲ್ಲ. ಅರ್ಧ ಕೇಸು ಇಲ್ಲೇ ಬಿದ್ದೋಯ್ತು."

ಅವಳ ಮುಖ ಬದಲಾಗಲಿಲ್ಲ. "ಬರದದ್ದು ಅವ ಅಲ್ಲ ಖರೆ. ನನ್ನ ಮಾತು ನಂದ ಐತಲ್ರಿ."

ಸುಳ್ಳು ಸಮಾಧಾನ ನನ್ನ ಬಾಯಲ್ಲಿ ಬರುವುದಿಲ್ಲ. ಮುನಿಕೃಷ್ಣನ ಕಡೆಗೇ ತಿರುಗಿದೆ.

"ಗುರುವಾರ ಮಧ್ಯಾಹ್ನ ನೀನೆಲ್ಲಿದ್ದೆ?"

"ವೈಟ್‌ಫೀಲ್ಡಲ್ಲಿ. ಕಂಪನಿಯವ್ರ ಹತ್ರ ಕ್ಷಮೆ ಕೇಳೋಕೆ ಹೋಗಿದ್ದೆ, ಬರೋವಾಗ ಆರೂವರೆ. ಬೇಕಾದ್ರೆ ಅವ್ರನ್ನೇ ಕೇಳಿ. ಈಶಪ್ಪ ಒಬ್ಬನೇ ಇಲ್ಲಿ ಆಡ್ತಾ ಇದ್ದ. ಚೀಟಿ ಹಾಕಿ ಆಗಿತ್ತು, ಆದ್ರೂ ಶುಕ್ರವಾರಕ್ಕೆ ಮೊದ್ಲು ಇನ್ನೊಂದು ಸಲ ನೋಡ್ತೀನಿ ಅಂದಿದ್ದ."

"ಆಡ್ತಿದ್ದ ಅಂತ ನಿನಗೆ ಹೆಂಗೆ ಗೊತ್ತು?"

"ರೆಕಾರ್ಡ್ ಇದೆಯಲ್ಲ."

ಕನ್ನಡಕದ ಮೇಲಿಂದ ಅವನನ್ನು ನೋಡಿದೆ. "ಏನಿದೆ?"

"ಇಲ್ಲಿ ಯಾರೇ ಆಡಿದ್ರೂ ಪರದೆ ರೆಕಾರ್ಡ್ ಆಗ್ತಿರುತ್ತೆ. ಮೈಕೂ ಆನ್ ಇರುತ್ತೆ. ಮೊದಲ್ನೇ ಸಲ ಹೆದರಿದಾಗ ಬಾಯಲ್ಲಿ ಏನ್ ಬರುತ್ತೋ ಅದನ್ನ ವಿಡಿಯೋಗೆ ಹಾಕ್ತೀವಿ."

"ಇಷ್ಟು ದಿನ ಬಾಯಲ್ಲಿ ಕಡುಬು ಇಟ್ಕೊಂಡಿದ್ಯಾ? ಪೊಲೀಸ್ರಿಗೆ ಕೊಟ್ಯಾ?"

"ಅವ್ರು ಕೇಳ್ಲಿಲ್ಲ. ಅದ್ರಲ್ಲಿ ಆಟ ಬಿಟ್ರೆ ಏನಿರುತ್ತೆ ಅಂತ ನಾನೂ... ಶುಕ್ರವಾರ ಅದ್ರಿಂದ ನಲವತ್ತು ಸೆಕೆಂಡು ಚಿತ್ರ ಮಾತ್ರ ತಗೊಂಡೆ, ಧ್ವನಿ ಬೇಕಿರ್ಲಿಲ್ಲ. ಆಮೇಲೆ ಅವನು ಹೋದ ಅಂತ ಗೊತ್ತಾಯ್ತು. ಆಮೇಲೆ ಅವನ ಧ್ವನಿ ಕೇಳೋ ಧೈರ್ಯ ಇರ್ಲಿಲ್ಲ ಮೇಡಂ."

"ಈಗ ಕೇಳೋಣ. ಹಾಕು."

ಅವನು ಹೆಡ್‌ಫೋನಿನ ವೈರು ಕಿತ್ತು ಮೇಜಿನ ಮೇಲಿನ ಎರಡು ಪುಟ್ಟ ಸ್ಪೀಕರಿಗೆ ಸಿಕ್ಕಿಸಿದ. ಸದ್ದು ತಗ್ಗಿಸಿಟ್ಟ.

ಪರದೆಯ ಮೇಲೆ ಲಾಂದ್ರ ಹಿಡಿದ ಒಂದು ಕೈ. ಪಾಚಿ ಕಟ್ಟಿದ ಮೆಟ್ಟಿಲು. ಸ್ಪೀಕರಿನಿಂದ ಒಬ್ಬ ಗಂಡಸಿನ ಉಸಿರು. ಆಮೇಲೆ, ಇದೇ ಕೋಣೆಯಲ್ಲಿ ಈಗ ಕೂತು ಮಾತಾಡಿದಷ್ಟು ಹತ್ತಿರದಿಂದ, ಅವನ ದನಿ.

"ಏ ಮುದುಕಿ, ಎಲ್ಲಿಂದ ಬರ್ತೀದಿ ಹೇಳ್ಯರ ಬಾರಬೇ."

ಶಿವಗಂಗಾ ಬಾಯಿಗೆ ಸೆರಗು ಒತ್ತಿಕೊಂಡಳು. ಪರದೆಯ ಮೂಲೆಯಲ್ಲಿ ಅವನ ಹೆಸರು ಮೂಡಿತು, ಹೋಯಿತು. ಪರದೆ ಕೆಂಪಾಯಿತು. "ಸತ್ನೆಪಾ," ಎಂದ ಈಶಪ್ಪ, ಬೇಸರದಿಂದ.

ರೆಕಾರ್ಡಿನ ಕೆಳಗೆ ಆ ಗುರುವಾರದ ಗಂಟೆ ಕಾಣುತ್ತಿತ್ತು. ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ ಫೋನ್ ರಿಂಗಾಯಿತು. ಆಟ ನಿಂತಿತು.

"ಹೇಳಕ್ಕಾ... ಇಲ್ಲ, ಕೇಳಿಲ್ಲಿ... ನಾ ಕೊಟ್ಟಿಲ್ಲ... ಅಕ್ಕಾ... ಅಕ್ಕಾ?"

ಅಷ್ಟೇ. ಆಮೇಲೆ ಮೌನ. ನಾನು ಶಿವಗಂಗಾಳ ಕೈ ಹಿಡಿದುಕೊಂಡೆ. ತಣ್ಣಗಿತ್ತು. ಈ ಮೌನದ ಆಚೆ ಏನಿದೆಯೋ ಅದರ ಮೇಲೆ ಈ ಹೆಂಗಸಿನ ಉಳಿದ ಆಯಸ್ಸು ನಿಂತಿದೆ ಎಂದು ನನಗೆ ಗೊತ್ತಿತ್ತು. ಯಾಕಾದರೂ ಹಾಕಿಸಿದೆನೋ ಎಂದೂ ಅನ್ನಿಸಿತು.

ಸ್ಪೀಕರಿನಲ್ಲಿ ಈಶಪ್ಪ ನಕ್ಕ.

"ಮುನಿ, ಇದನ್ನ ಕತ್ತರಿಸಿ ಒಗಿಯಪಾ. ನಮ್ಮಕ್ಕ ಹಾಳುಬಾವಿಗೆ ಬೀಳಂದ್ಲು. ಇಲ್ಲಿ ಏಳು ಬಾವಿ ಅದಾವ, ಯಾವುದಕ್ಕ ಬೀಳಲೇ ಯವ್ವಾ ಅಂತ ಕೇಳೂದ್ರಾಗ ಫೋನ ಇಟ್ಲು." ಮತ್ತೆ ನಕ್ಕ. ಬಾಟಲಿಯಿಂದ ನೀರು ಕುಡಿದ ಸದ್ದು. "ಸಂಜಿಮುಂದ ಮಾದನಾಯಕನಹಳ್ಳಿಗೆ ಅಕ್ಕನ ಮನಿಗೆ ಹೋಗ್ತೀನಿ. ಬಿಸಿ ಮಿರ್ಚಿ ಕಟ್ಟಿಸ್ಕೊಂಡು ಹೋದ್ರ ಅಕೀ ಸಿಟ್ಟು ಇಳೀತೈತಿ. ಉಂಡಾಳೋ ಇಲ್ಲೋ, ಬಿಸಿಲಾಗ ನಿಂತು ಒದರತಾಳ."

ಆಟ ಮತ್ತೆ ಶುರುವಾಯಿತು.

ಶಿವಗಂಗಾ ಅತ್ತಳು. ಹತ್ತು ದಿನದಿಂದ ಅವಳು ಹೀಗೆ ಅತ್ತಿರಲಿಲ್ಲ. "ಮಿರ್ಚಿ ತರ್ತಿದ್ನಂತರಿ," ಎನ್ನುತ್ತ, ನಗುತ್ತ, ಮೂಗು ಒರೆಸಿಕೊಳ್ಳುತ್ತ ಅತ್ತಳು. ಮುನಿಕೃಷ್ಣನೂ ಅಳುತ್ತಿದ್ದ. ನನ್ನ ಕನ್ನಡಕ ಮಂಜಾಯಿತು, ಏಸಿ ಕೋಣೆಯಲ್ಲಿ ಹಾಗಾಗುತ್ತದೆ.

"ಕೇಳಿದ್ಯಾ?" ಎಂದೆ. "ನಿನ್ನ ಮಾತಿಗೆ ಸತ್ತವನಲ್ಲ ಅವನು. ನಿನ್ನ ಮಾತಿಗೆ ನಕ್ಕವನು. ಇನ್ನಾದ್ರೂ ಎರಡು ತುತ್ತು ತಿನ್ನು ತಾಯಿ."

ಅವಳು ತಲೆಯಾಡಿಸಿದಳು.

ಕೇಸು ನನಗೆ ಇನ್ನೂ ಮುಗಿದಿರಲಿಲ್ಲ. "ಮುಂದಕ್ಕೆ ಓಡ್ಸು," ಎಂದೆ ಮುನಿಕೃಷ್ಣನಿಗೆ. "ಅವನು ಎದ್ದು ಹೋಗೋ ತನಕ."

ಎರಡು ಗಂಟೆ ಇಪ್ಪತ್ತೈದು ನಿಮಿಷ. ಬಾಗಿಲು ತೆರೆದ ಸದ್ದು. ಪರದೆಯ ಮೇಲಿನ ಲಾಂದ್ರ ಅಲ್ಲಾಡದೆ ನಿಂತಿತು.

"ಬಾ ಮಾವ. ಬಂದೇನ? ಕುಂದರು," ಎಂದ ಈಶಪ್ಪ.

ಯಾರೋ ಏನೋ ಅಂದರು. ಮೈಕಿನಿಂದ ದೂರ, ಸರಿಯಾಗಿ ಕೇಳಿಸಲಿಲ್ಲ.

"ನನ್ನ ಚೀಲದಾಗಿಂದ ಡಿಸ್ಕ್ ತಗದು ನಕಲ ಮಾಡಿಸಿದಾಂವ ನೀನ ಅಂತ ಅಕ್ಕಗ ಇನ್ನೂ ಹೇಳಿಲ್ಲ ಮಾವ. ನನ್ನ ಬಾಯಿಲೆ ಹೇಳಂಗಿಲ್ಲ. ನೀನ ಹೇಳು. ಇವತ್ತ ಹೇಳು. ಅಕಿ ನನ್ನ ಕಳ್ಳ ಅಂದ್ಲು."

ಈಗ ಆ ಇನ್ನೊಂದು ದನಿ ಹತ್ತಿರ ಬಂತು. ಸಮಾಧಾನದ, ಮೆತ್ತಗಿನ ದನಿ. "ಇಲ್ಲಿ ಬ್ಯಾಡ. ಹೊರಗ ಬಾ. ಹಿಂದ ಬಾವಿ ಕಡೆ ನೆಳ್ಳೈತಿ, ಅಲ್ಲಿ ಕುಂತು ಮಾತಾಡೂಣು."

ಕುರ್ಚಿ ಸರಿದ ಸದ್ದು. ಎರಡು ಜೊತೆ ಹೆಜ್ಜೆ. ಬಾಗಿಲು. ಆಮೇಲೆ ಖಾಲಿ ಕೋಣೆಯ ಏಸಿ ಸದ್ದು, ಅಲ್ಲಾಡದ ಲಾಂದ್ರ.

"ಮಾವ ಅಂದ್ರೆ ಯಾರು?" ಎಂದ ಮುನಿಕೃಷ್ಣ.

ನಾನು ಶಿವಗಂಗಾಳ ಕಡೆ ನೋಡಿದೆ. ಒಂದು ಗಳಿಗೆಯ ಹಿಂದೆ ಬಂದಿದ್ದ ಕಳೆ ಪೂರ್ತಿ ಇಳಿದುಹೋಗಿತ್ತು.

"ಭೀಮಪ್ಪ," ಎಂದಳು. ಅವಳ ಕಡೆಯ ಹೆಣ್ಣುಮಕ್ಕಳು ಗಂಡನ ಹೆಸರು ಹೇಳುವುದಿಲ್ಲ. "ಈಶಗ ಇದ್ದ ಮಾವ ಒಬ್ಬನ. ಅವತ್ತು ಚಂದಾಪುರಕ್ಕ ಲೋಡ್ ಒಯ್ದೀನಿ ಅಂದಿದ್ದ. ಮಣ್ಣು ಮಾಡಿ ಬಂದ ಮ್ಯಾಲ ನನ್ನ ಬಾಜೂಕ ಕುಂತು, 'ನೀ ಹಂಗ ಅನಬಾರದಿತ್ತು ನೋಡು' ಅಂತ ದಿನಾ ಅಂದ. ದಿನಾ."

"ಶಿವಗಂಗಾ!"

ಕೆಳಗಿನಿಂದ ಕೂಗು. ಮೂವರೂ ಬೆಚ್ಚಿದೆವು. ಈಗಷ್ಟೇ ಸ್ಪೀಕರಿನಲ್ಲಿ ಕೇಳಿದ ದನಿಯೇ. "ಎಷ್ಟೊತ್ತು? ನನಗ ಲೋಡಿಗೆ ಹೊತ್ತಾತು! ಮ್ಯಾಲ ಬರ್ಲೇನು?"

ನಾನು ಬಾಗಿಲ ಕಡೆ ಓಡಿದೆ. ನನ್ನ ಮಂಡಿ ನೋವು ಎಲ್ಲಿಗೆ ಹೋಯಿತೋ. ಚಿಲಕಕ್ಕೆ ಕೈ ಹಾಕುವಷ್ಟರಲ್ಲಿ ಶಿವಗಂಗಾ ನನ್ನ ಮಣಿಕಟ್ಟು ಹಿಡಿದಳು.

"ಚಿಲಕ ಹಾಕಬ್ಯಾಡ್ರಿ."

"ಹುಚ್ಚಾ ನಿನಗೆ? ಮೊದ್ಲು ಚಿಕ್ಕಬೈರಪ್ಪನಿಗೆ ಫೋನ್ ಮಾಡ್ತೀನಿ..."

"ಮಾಡ್ರಿ. ಅವರು ಬರೂತನಕ ನಾ ಇವನ ಮುಖ ನೋಡಬೇಕು." ಅವಳು ಕಿಟಕಿಯ ಗಾಜು ಸರಿಸಿ, ಮನೆಯಲ್ಲಿ ದಿನಾ ಕೂಗುವ ದನಿಯಲ್ಲೇ ಕೂಗಿದಳು. "ಮ್ಯಾಲ ಬರ್ರಿ! ಎಲ್ಲಾ ಮುಗೀತು!"

ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಶುರುವಾಯಿತು. ನಾನು ಫೋನಿನ ಗುಂಡಿ ಒತ್ತುತ್ತಿದ್ದೆ. ಶಿವಗಂಗಾ ಮುನಿಕೃಷ್ಣನ ಪಕ್ಕ ಹೋಗಿ ನಿಂತಳು.

"ಹಿಂದಕ್ಕ ಓಡಸೋ ತಮ್ಮಾ. ಬಾಗಲಾ ತೆರದದ್ದು ಎಲ್ಲಿ ಐತಿ, ಅಲ್ಲಿಗೆ."

ಅವನು ಓಡಿಸಿದ. ಅವಳು ಸ್ಪೀಕರಿನ ತಿರುಗಣೆಯನ್ನು ಅದು ನಿಲ್ಲುವ ತನಕ ತಿರುವಿದಳು.

ಹೆಜ್ಜೆ ಕೊನೆಯ ಮೆಟ್ಟಿಲು ಹತ್ತಿತು. ಬಾಗಿಲ ಹಿಡಿ ತಿರುಗಿತು.

"ಬಾ ಮಾವ," ಎಂದ ಈಶಪ್ಪ, ಕೋಣೆಯೆಲ್ಲ ತುಂಬುವ ಹಾಗೆ. "ಬಂದೇನ? ಕುಂದರು."

ಅರ್ಧ ತೆರೆದ ಬಾಗಿಲು ಅಲ್ಲೇ ನಿಂತಿತು.